ಗುಲಾಬಿ ಹಿಡಿದ ಮುಷ್ಟಿ

೧೯೮೯ರ ಜನವರಿ, ಒಂದು ಸೋಮವಾರ, ಬೆಳಿಗ್ಗೆ ಹನ್ನೊಂದು ಗಂಟೆ. ಕಮಲಾಪುರದ ವಾಡೆಯ ಪಡಸಾಲೆಯಲ್ಲಿ ನಾಲ್ವರಿದ್ದೆವು: ಯಜಮಾನ ಶಂಕರರಾಯರು, ಠಾಣೆಯ ಜಮಾದಾರ, ಮನೆಗೆಲಸದ ಮುದುಕಿ ಮಲ್ಲಮ್ಮ ಮತ್ತು ನಾನು. ಕಲಬುರಗಿಯ ಖೂಬಾ ಪ್ಲಾಟ್ ಬಡಾವಣೆಯಲ್ಲಿ ಹಳೆಯ ತೈಲಚಿತ್ರಗಳನ್ನು ದುರಸ್ತಿ ಮಾಡುವುದು ನನ್ನ ಕೆಲಸವಾಗಿತ್ತು. ಚಿತ್ರವೊಂದು ಹಾಳಾಗಿದೆ ಎಂದು ರಾಯರು ನನ್ನನ್ನು ಕರೆಸಿದ್ದರು.

ಗೋಡೆಯ ಮೇಲೆ ರಾಯರ ಅಜ್ಜಿಯ ಆಳೆತ್ತರದ ಚಿತ್ರ. ಆ ಮುಂಜಾನೆ ಬೀಗರಿಗೆ ಅದನ್ನು ತೋರಿಸಿ ರಾಯರು, "ನಮ್ಮಜ್ಜಿ ಮನಸ್ಸು ಆ ಕೈಯಾಗಿನ ಗುಲಾಬಿ ಹಂಗ" ಎಂದಿದ್ದರು. ಅದನ್ನು ಕೇಳಿ, ದಿನಾ ಆ ಚಿತ್ರದ ಧೂಳು ಒರೆಸುತ್ತಿದ್ದ ಮಲ್ಲಮ್ಮ ಕುಡಗೋಲು ತಂದು ಅದನ್ನು ಕೊಚ್ಚಿದ್ದಳು. ತಡೆಯಲು ಹೋದ ರಾಯರ ಮುಂಗೈ ಸೀಳಿತ್ತು. ಅವರು ಹೊಡೆದ ಹೊಡೆತಕ್ಕೆ ಅವಳ ತುಟಿ ಒಡೆದಿತ್ತು. ನೆಲದ ಮೇಲೆ ಇಬ್ಬರ ರಕ್ತವೂ ಇತ್ತು.

"ಮುದುಕಿಗಿ ತಲಿ ಕೆಟ್ಟದ. ಒಳಗ ಹಾಕ್ರಿ," ಎಂದರು ರಾಯರು.

"ಅಕಿ ಕೈಯಾಗ ಹೂ ಇದ್ದಿಲ್ರೀ, ಚಾಬೂಕ ಇತ್ತು." ಮಲ್ಲಮ್ಮ ರಕ್ತ ಉಗುಳಿದಳು. "ನಮ್ಮವ್ವನ ಬೆನ್ನಾಗ ಅದರ ಬಾಸುಂಡಿ ಇದ್ದವು. ಸಾಯೂತನಕ ನಾನೇ ಎಣ್ಣಿ ಹಚ್ಚೀನಿ."

ಜಮಾದಾರ ನಕ್ಕು ನನ್ನ ಕಡೆ ತಿರುಗಿದ. "ಸಾಹೇಬ್ರ, ನೀವೇ ಬರದು ಕೊಡ್ರಿ. ಹೂ ಅಂತ ಬರದ್ರ ಈಕಿಗಿ ಹುಚ್ಚು, ನಡಿ ಠಾಣಾಕ್ಕ. ಚಾಬೂಕ ಅಂತ ಬರದ್ರ ರಾಯರು ಹೇಳಿದಂಗ."

ಇಂಥ ಚಿತ್ರಗಳಲ್ಲಿ ಜರಿಯ ಸೆರಗು, ನತ್ತು, ಎತ್ತರದ ಕುರ್ಚಿ ಅಂತಸ್ತನ್ನು ಹೇಳುತ್ತವೆ. ಸ್ವಭಾವ ಕೈಯಲ್ಲಿರುತ್ತದೆ. ಏಳು ಸೀಳುಗಳಿದ್ದವು, ಏಳೂ ಬಲಗೈಯ ಸುತ್ತ. ಮುಖಕ್ಕೆ ಒಂದು ಗೀರೂ ಬಿದ್ದಿರಲಿಲ್ಲ. ಬೆರಳುಗಳು ಬಿಗಿದು, ಹೆಬ್ಬೆರಳು ಅವುಗಳ ಮೇಲೆ ಒತ್ತಿ ಕೂತಿತ್ತು. ಹೂವಿನ ದಂಟನ್ನು ಯಾರೂ ಹಾಗೆ ಹಿಡಿಯುವುದಿಲ್ಲ. ಲೆನ್ಸ್ ಹಿಡಿದು ನೋಡಿದೆ. ಹಳೆಯ ಬಣ್ಣದ ಬಿರುಕುಗಳೊಳಗೆ ಗುಲಾಬಿಯ ಕೆಂಪು ಇಳಿದಿತ್ತು. ಅಂದರೆ ಬಿರುಕು ಮೊದಲು, ಹೂವು ಆಮೇಲೆ. ಹೀಗೆ ಆಮೇಲೆ ಮೇಲೆ ಬಳಿದ ಬಣ್ಣಕ್ಕೆ ನಮ್ಮ ಕಸುಬಿನಲ್ಲಿ ಓವರ್‌ಪೇಂಟ್ ಎನ್ನುತ್ತೇವೆ.

ಹೂವನ್ನು ತೆಗೆಯಲು ರಾಯರ ಒಪ್ಪಿಗೆ ಕೇಳಿದೆ.

"ತಗೀರಿ. ಏನೂ ಇರಂಗಿಲ್ಲ."

ಬಣ್ಣ ಕರಗಿಸುವ ಸಾಲ್ವೆಂಟಿನಲ್ಲಿ ಅದ್ದಿದ ಹತ್ತಿಯಿಂದ ಒರೆಸುತ್ತ ಹೋದೆ. ಮೂರು ಗಂಟೆಯ ಹೊತ್ತಿಗೆ ಮುಷ್ಟಿಯೊಳಗಿಂದ, ಚರ್ಮದಲ್ಲಿ ಹೆಣೆದ ಚಾಬೂಕು ಹೊರಬಂತು.

ರಾಯರು ಚಿತ್ರದ ಹತ್ತಿರ ಬಂದರು. "ನಮ್ಮಪ್ಪಗ ಇದು ಗೊತ್ತಿತ್ತೇನು?"

"ಹೂ ಬರಿಸಿದವರು ಅವರೇ ಅಲ್ರೇನ್ರಿ, ಧಣಿ?" ಎಂದಳು ಮಲ್ಲಮ್ಮ.

ರಾಯರು ಜಮಾದಾರನಿಗೆ, "ಕೇಸು ಬ್ಯಾಡ. ನೀವು ಹೋಗ್ರಿ," ಎಂದರು.

ಅಂದಿನಿಂದ ಯಾವ ಚಿತ್ರದ ಮುಂದೆ ನಿಂತರೂ ಮುಖಕ್ಕಿಂತ ಮೊದಲು ಕೈ ನೋಡುತ್ತೇನೆ. ಆ ಚಿತ್ರವನ್ನು ದಿನಾ ಒರೆಸಿದವರನ್ನೂ ಕೇಳುತ್ತೇನೆ.

ಅಂದು ಸಂಜೆ ಐದೂವರೆಗೆ ವರದಿ ಬರೆದು ಸಹಿ ಹಾಕಿದೆ.

"ಓದ್ರಿ," ಎಂದಳು ಮಲ್ಲಮ್ಮ.

"ಬಲಗೈಯಲ್ಲಿ ಚಾಬೂಕು. ಗುಲಾಬಿ ನಂತರ ಬಳಿದದ್ದು."

"ಇನ್ನೊಮ್ಮೆ ಓದ್ರಿ."

ಇನ್ನೊಮ್ಮೆ ಓದಿ, ನನ್ನ ಸಾಮಾನಿನ ಪೆಟ್ಟಿಗೆ ಮುಚ್ಚಿದೆ.