ಲಾಂಗ್ ಬೆಲ್ ಆದ ಮೇಲೂ ಕೂತಿದ್ದ ಅಕ್ಕ

ನಮ್ಮೂರಿನ ಮಕ್ಕಳಿಗೆ ಏಳನೇ ಕ್ಲಾಸೇ ಲೋಕದ ಕೊನೆಯಾಗಿದ್ದ ಕಾಲ ಅದು. ಮಡಂತ್ಯಾರಿನಿಂದ ಒಳಗೆ, ಗೇರುಗುಡ್ಡದ ಬುಡದಲ್ಲಿ ನಮ್ಮ ಶಾಲೆ. ಬೆಳಿಗ್ಗೆ ಕ್ಲಾಸಿಗೆ ಬಂದ ಟೀಚರ್ ಕನ್ನಡ, ಲೆಕ್ಕ, ವಿಜ್ಞಾನ ಎಲ್ಲವನ್ನೂ ತಾವೇ ಮಾಡಿ ಮುಗಿಸುತ್ತಿದ್ದರು. ಜಗಲಿಯಲ್ಲಿ ನೇತುಹಾಕಿದ್ದ ರೈಲು ಪಟ್ಟಿಯ ತುಂಡನ್ನು ಬಾರಿಸಿದರೆಂದರೆ ಒಂದೋ ಆಟಕ್ಕೆ, ಇಲ್ಲ ಊಟಕ್ಕೆ, ಇಲ್ಲ ಮನೆಗೆ. ಬೆಲ್ ಆದ ಮೇಲೂ ಕೂತೇ ಇರುವ ಶಾಲೆಯೊಂದು ಇದೆ ಎಂದು ನಮಗೆ ಯಾರೂ ಹೇಳಿರಲಿಲ್ಲ.

ಅದರಿಂದಲೇ ನನ್ನ ಅಕ್ಕ ವಾರಿಜ ಕೆಟ್ಟಳು. ನನಗಿಂತ ಎರಡು ವರ್ಷ ದೊಡ್ಡವಳು, ಓದಿನಲ್ಲಿ ಚುರುಕು. ಪೇಟೆಯ ಹೈಸ್ಕೂಲಿಗೆ ಸೇರಿದ ಮೊದಲ ದಿನ, ಮೊದಲ ಪಿರೇಡಿನ ಬೆಲ್ ಆಯಿತು, ಪಾಠ ಮಾಡುತ್ತಿದ್ದ ಸರ್ ಹೊರಗೆ ಹೋದರು. ಅಕ್ಕ ಬ್ಯಾಗು ಹೆಗಲಿಗೇರಿಸಿಕೊಂಡು ಗೇಟಿನವರೆಗೆ ಹೋಗಿಬಿಟ್ಟಳು. ಪ್ಯೂನ್ ಕರೆದುಕೊಂಡು ಬಂದಾಗ ಇಡೀ ಕ್ಲಾಸು ನಕ್ಕಿತು. ಮುಂದಿನ ಪಿರೇಡಿಗೆ ಬಂದ ಸರ್ ಇಂಗ್ಲಿಷಿನಲ್ಲಿ ಏನೋ ಕೇಳಿದರು, ಇವಳಿಗೆ ಒಂದಕ್ಷರ ತಿಳಿಯಲಿಲ್ಲ. ಮರುದಿನದಿಂದ ಬೆಲ್ ಆದಾಗಲೆಲ್ಲ "ಮನೆಗೆ ಹೋಗುವಾ?" ಎಂದು ಕೀಟಲೆ. ಮಳೆ ಜೋರಾಗುವ ಮೊದಲೇ ಅಕ್ಕ ಹೈಸ್ಕೂಲು ಬಿಟ್ಟು, ಅಮ್ಮನ ಪಕ್ಕದಲ್ಲಿ ಬೀಡಿ ಎಲೆಯ ಗೆರಸೆ ಹಿಡಿದು ಬೀಡಿ ಕಟ್ಟಲು ಕೂತಳು.

ನಾನು ಏಳನೆಯಲ್ಲಿರುವಾಗ ಅಮ್ಮ ತೀರ್ಮಾನ ಮಾಡಿಯಾಗಿತ್ತು. "ಒಬ್ಬಳನ್ನು ಕಳಿಸಿ ನಗೆಪಾಟಲಾದದ್ದು ಸಾಕು. ಇವಳೂ ಬೀಡಿ ಕಲಿಯಲಿ."

ಸುದ್ದಿ ನಮ್ಮ ಶಾಲೆಯ ಸುಗುಣಾ ಟೀಚರ ಕಿವಿಗೆ ಬಿತ್ತು. ಮೂಡುಬಿದಿರೆ ಕಡೆಯಿಂದ ಬಸ್ಸಿನಲ್ಲಿ ಬರುತ್ತಿದ್ದ ಅವರು ಒಂದು ಸಂಜೆ ಬಸ್ಸು ತಪ್ಪಿದರೂ ತಪ್ಪಲಿ ಎಂದು ನೇರ ನಮ್ಮ ಮನೆಗೆ ಬಂದರು. ಅಮ್ಮ ಕೊಟ್ಟ ಪುನರ್ಪುಳಿ ಶರಬತ್ತನ್ನು ಕೈಯಲ್ಲಿ ಹಿಡಿದುಕೊಂಡೇ ಹೇಳಿದರು: "ವಾರಿಜನ ತಪ್ಪು ಎಂತದ್ದೂ ಇಲ್ಲ. ನಾನು ಅವಳಿಗೆ ಪಾಠ ಕಲಿಸಿದೆ, ಹೈಸ್ಕೂಲು ಅಂದ್ರೆ ಹೇಗೆ ಉಂಟು ಅಂತ ಕಲಿಸಲಿಲ್ಲ. ಇವಳನ್ನು ನಾನು ತಯಾರು ಮಾಡ್ತೇನೆ. ಆಮೇಲೆ ನೀವೇ ಹೇಳಿ."

"ನೋಡುವ," ಎಂದರು ಅಮ್ಮ. ಅಕ್ಕ ತಲೆಯೆತ್ತದೆ ಎಲೆ ಕತ್ತರಿಸುತ್ತಿದ್ದಳು.

ಆ ಶನಿವಾರದಿಂದ ಶುರುವಾಯಿತು ನಮ್ಮ ಹೈಸ್ಕೂಲಾಟ. ಅರ್ಧ ದಿನದ ಶಾಲೆ ಬಿಟ್ಟು ಉಳಿದವರೆಲ್ಲ ಲಗೋರಿಗೆ, ಗೇರುಹಣ್ಣಿಗೆ ಓಡಿದರೆ ಏಳನೆಯವರು ಮಾತ್ರ ಒಳಗೆ. ಟೀಚರ್ ತಾವೇ ಹೋಗಿ ಬೆಲ್ ಹೊಡೆಯುತ್ತಿದ್ದರು, ಜಗಲಿ ಸುತ್ತಿ ಬಂದು ಬೇರೆಯವರಾಗಿ ಒಳಗೆ ಬರುತ್ತಿದ್ದರು. ಕಂಕುಳಲ್ಲಿ ಕೊಡೆ ಇದ್ದರೆ ಲೆಕ್ಕದ ಸರ್, ಸೆರಗು ಹೊದ್ದರೆ ಹಿಂದಿ ಮೇಡಮ್, ಕನ್ನಡಕ ಮೂಗಿನ ತುದಿಗೆ ಇಳಿದರೆ ಇಂಗ್ಲಿಷ್ ಸರ್. ಮೊದಲ ಸಲ ಬಿದ್ದು ಬಿದ್ದು ನಕ್ಕೆವು.

"ಎಂತ ನಗು? ಯಾರು ನೀನು? ಎದ್ದು ನಿಂತು ಹೆಸರು ಹೇಳು."

ಒಂದನೇ ಕ್ಲಾಸಿನಿಂದ ನನ್ನ ಮೂಗು ಒರೆಸಿದವರು ನನ್ನನ್ನೇ ಯಾರೆಂದು ಕೇಳಿದಾಗ ಅಳು ಬಂದಿತ್ತು. ಆದರೆ ಆಟದ ನಿಯಮವೇ ಹಾಗೆ. ಬೆಲ್ ಆದರೆ ಏಳಬಾರದು, ಪುಸ್ತಕ ಮಾತ್ರ ಬದಲಿಸಬೇಕು. ತಿಳಿಯದಿದ್ದರೆ ಎದ್ದು "ಅರ್ಥ ಆಗಲಿಲ್ಲ ಸರ್, ಇನ್ನೊಮ್ಮೆ ಹೇಳಿ" ಎನ್ನಬೇಕು. ಮನೆಯಲ್ಲಿ ತುಳು ಬಿಟ್ಟು ಬೇರೆ ಆಡದ ನನಗೆ ಆ ಒಂದು ವಾಕ್ಯ ಗಂಟಲಲ್ಲಿ ಮೀನಿನ ಮುಳ್ಳಾಗಿತ್ತು. ರಾತ್ರಿ ಗಂಜಿ ಉಣ್ಣುವಾಗ ಅಕ್ಕನೇ ದಪ್ಪ ದನಿಯಲ್ಲಿ ಸರ್ ಆಗಿ ಕೇಳುತ್ತಿದ್ದಳು, ನಾನು ಹೇಳುತ್ತಿದ್ದೆ. ಅವಳ ಬೆರಳುಗಳ ಹೊಗೆಸೊಪ್ಪಿನ ಘಾಟು ನನಗೆ ಇಂದಿಗೂ ಪಾಠದ ವಾಸನೆ.

ಕೊನೆಯ ಶನಿವಾರ ಅಮ್ಮ ಅಕ್ಕನನ್ನೇ ಕಳಿಸಿದರು. "ನೀನೇ ನೋಡಿ ಬಾ, ಇವಳು ನಿಲ್ತಾಳಾ ಇಲ್ವಾ."

ಬಾಗಿಲಲ್ಲಿ ನಿಂತಿದ್ದ ಅಕ್ಕನನ್ನು ಟೀಚರ್ ಇಂಗ್ಲಿಷ್ ಸರ್ ದನಿಯಲ್ಲೇ ಗದರಿದರು. "ಲೇಟ್ ಎಂತಕ್ಕೆ? ಹೋಗಿ ಕೂತ್ಕೋ." ಅಕ್ಕ ನನ್ನ ಪಕ್ಕದಲ್ಲಿ ಬಂದು ಕೂತಳು. ನಾನು ಎದ್ದು, ತಡವರಿಸದೆ, ಅರ್ಥ ಆಗಲಿಲ್ಲ ಎಂದೆ. ಬೆಲ್ ಆಯಿತು. ಅಕ್ಕನ ಕೈ ಡೆಸ್ಕನ್ನು ಗಟ್ಟಿಯಾಗಿ ಹಿಡಿದಿತ್ತು. ಅವಳು ಏಳಲಿಲ್ಲ. ಮತ್ತೆ ಬೆಲ್ ಆಯಿತು, ಆಗಲೂ ಏಳಲಿಲ್ಲ.

ಕೊನೆಗೆ ಲಾಂಗ್ ಬೆಲ್. ನಾವೆಲ್ಲ ಹೋ ಎಂದು ಹೊರಗೆ ಓಡಿದೆವು. ತಿರುಗಿ ನೋಡಿದರೆ ಅಕ್ಕ ಕೂತೇ ಇದ್ದಳು. ಟೀಚರ್ ಕನ್ನಡಕ ತೆಗೆದು ಹತ್ತಿರ ಹೋದರು.

"ಇದು ಲಾಂಗ್ ಬೆಲ್ ಮಗಾ. ಇನ್ನು ಮನೆಗೆ ಹೋಗಬಹುದು."

"ಗೊತ್ತುಂಟು ಟೀಚರ್. ಸ್ವಲ್ಪ ಹೊತ್ತು ಕೂತ್ಕೊಳ್ತೇನೆ."

ಟೀಚರ್ ಅವಳ ಪಕ್ಕದಲ್ಲೇ ಕೂತರು. "ನೀನೂ ಬಾ ಈ ವರ್ಷ, ನಾನು ಮಾತಾಡ್ತೇನೆ" ಎಂದು ಅವರು ಹೇಳಿದ್ದು ನನಗೆ ಕೇಳಿಸಿತು. ಅಕ್ಕ ಇಲ್ಲವೆಂದು ತಲೆಯಲ್ಲಾಡಿಸಿದಳು. ತಂಗಿಯ ಜೊತೆ ಒಂದೇ ಕ್ಲಾಸಿನಲ್ಲಿ ಕೂರಲು ಅವಳಿಗೆ ಮನಸ್ಸಾಗಲಿಲ್ಲ. ಮನೆಗೆ ಬಂದು ಅಮ್ಮನಿಗೆ ಹೇಳಿದ್ದು ಇಷ್ಟೇ: "ಅವಳು ಹೋಗಲಿ ಅಮ್ಮ. ಬೀಡಿ ನಾನು ಕಟ್ತೇನೆ."

ಜೂನಿನಲ್ಲಿ ನಾನು ಹೈಸ್ಕೂಲಿಗೆ ಹೋದೆ. ಮೊದಲ ದಿನ ಸಂಜೆ ಒದ್ದೆ ಕೊಡೆ ಮಡಚುವ ಮೊದಲೇ ಅಕ್ಕ ಕೇಳಿದಳು, "ಬೆಲ್ ಆದಾಗ ಎಂತ ಮಾಡಿದೆ?"

"ಕೂತುಕೊಂಡೆ."

"ಅಷ್ಟೇ ಮಾರಾಯ್ತಿ," ಎಂದಳು ಅಕ್ಕ. "ಅಷ್ಟೇ ಇದ್ದದ್ದು."

ಈಗ ನಾನೇ ಮೆಲ್ಕಾರ್ ಹತ್ತಿರದ ಹೈಸ್ಕೂಲೊಂದರಲ್ಲಿ ಟೀಚರ್. ಎಂಟನೆಗೆ ಬರುವ ಮಕ್ಕಳಿಗೆ ಪಿರೇಡು, ಬೆಲ್ಲು, ಇಂಗ್ಲಿಷು ಎಲ್ಲ ಎಲ್‌ಕೆಜಿಯಿಂದಲೇ ಬಾಯಿಪಾಠ. ಒಳ್ಳೆಯದೇ ಆಯಿತು. ಆದರೂ ಜೂನಿನ ಮೊದಲ ಬೆಲ್ ಆದಾಗ ಯಾವ ಮಗುವಿನ ಕೈ ಬ್ಯಾಗಿಗೆ ಹೋಗುತ್ತದೋ ಎಂದು ನನ್ನ ಕಣ್ಣು ಹುಡುಕುತ್ತದೆ. ಒಂದೇ ಜೀವದಲ್ಲಿ ನಾಲ್ಕು ಜನರಾಗಿ ಬರುತ್ತಿದ್ದ ಸುಗುಣಾ ಟೀಚರ್ ಈಗ ಇಲ್ಲ. ಮಕ್ಕಳಿಲ್ಲದೆ ನಮ್ಮ ಶಾಲೆಗೂ ಬೀಗ ಬಿದ್ದಿದೆ. ರೈಲು ಪಟ್ಟಿಯನ್ನು ಯಾರೋ ಗುಜರಿಗೆ ಕೊಂಡುಹೋದರು.

ಅಕ್ಕ ತಾನು ಕಟ್ಟಿದ ಬೀಡಿ ಕೊಡಲು ಇವತ್ತಿಗೂ ಶಾಲೆಯ ಮುಂದಿನ ದಾರಿಯಲ್ಲೇ ಹೋಗುತ್ತಾಳೆ. ಬರುವಾಗ ಶಾಲೆಯ ಜಗಲಿಯಲ್ಲಿ ಸ್ವಲ್ಪ ಹೊತ್ತು ಕೂತು ಬರುತ್ತಾಳಂತೆ. ಅವಳನ್ನು ಎಬ್ಬಿಸಲು ಈಗ ಅಲ್ಲಿ ಯಾವ ಬೆಲ್ಲೂ ಇಲ್ಲ.