ಮುಖ ಉದುರಿದ ಪರಸಿಕಲ್ಲು

ಅಲ್ಲಬೇ ಹಣಮಮ್ಮ, "ನಮ್ಮಜ್ಜ ದೊಡ್ಡ ಮನಶ್ಯಾ" ಅಂತ ಯಾಕ ಬರದಿ? ಹೊಡದಹಾಕು ಅದನ್ನ. ಹಟಮಾರಿ ಅಂತ ಬರಿ. ಗಂಡನ ಹೆಸರು ನನ್ನ ಬಾಯಾಗ ಬರೂದಿಲ್ಲ, ಅದು ಬರೂ ಜಾಗದಾಗ ನೀನ ಬರಕೋ.

ನಿಜಾಮನ ರಾಜ್ಯ ಹೋಗಿ ವರ್ಷೊಪ್ಪತ್ತಾಗಿತ್ತು. ಅದು ಹೋಗೂ ಗದ್ದಲದಾಗ ನಾವೆಲ್ಲ ಕುರಿ ಹೊಡಕೊಂಡು ಗುಡ್ಡ ಸೇರಿದಾಗ ನಮ್ಮ ಮಾವ ತೀರಕೊಂಡ. ಅಲ್ಲೇ ಮಣ್ಣು ಮಾಡಿ ಬಂದ್ವಿ. ಹಿರೇರ ಹಬ್ಬಕ್ಕ ಕೈ ಮುಗಿಯಾಕ ಅಪ್ಪನ ಮುಖ ಇಲ್ಲಲ್ಲ ಅಂತ ನಿಮ್ಮಜ್ಜಗ ಅದ ಕೊರಗು. ರಾಮಸಮುದ್ರಕ್ಕ ತಿರುಗಿ ಬಂದ ಮ್ಯಾಲ, ಮೂರ್ತಿ ಕೆತ್ತಸ್ತೀನಿ ಅಂದ. ಕೆತ್ತಸಲಿ, ಬ್ಯಾಡ ಅಂದವರ್ಯಾರು? ಗುಡ್ಡದ ಗಟ್ಟಿ ಕಲ್ಲು ಬಿಟ್ಟು ಕುರಿಹಟ್ಟ್ಯಾಗ ನೆಲಕ್ಕ ಹಾಸಿದ್ದ ಪರಸಿ ಎಬ್ಬಿಸಿಕೊಂಡು ಬಂದ! ಕುರಿಗೆ ಉಪ್ಪು ನೆಕ್ಕಸೂದು ಆ ಪರಸಿ ಮ್ಯಾಲನ. ಮಾವ ತನ್ನ ಕೈಯಾರೆ ಉಪ್ಪು ಹರವತಿದ್ದ, ಅದಕ್ಕ ಅದ ಕಲ್ಲ ಆಗಬೇಕಂತ.

ಕೆತ್ತಾಂವ ಶಹಾಪುರದ ಸುಲ್ತಾನಸಾಬ. ಚಾ ಕುಡದ್ರ ಬಸಿ ಸೈತ ನೆಕ್ಕಾಂವ, ಇರಲಿ, ಕೆಲಸ ಚಂದ. ರುಮಾಲು, ಮೀಸಿ, ಹೆಗಲ ಮ್ಯಾಲ ಕಂಬಳಿ, ಅಂಗಳದಾಗ ನಿಲ್ಲಿಸಿದ್ರ ಮಾವನ್ನ ನೋಡಿಧಂಗಾತು.

ಮಳಿಗಾಲ ಮುಗೀತು, ಒಣಗಾಳಿ ಬಿಡ್ತು, ಮೂಗು ಹಪ್ಪಳದಂಗ ಎದ್ದು ಬಿತ್ತು. ಆಮ್ಯಾಲ ಮೀಸಿ. ಅಂಗಳ ಕಸ ಹೊಡದ್ರ ಮಾವನ ಚೂರು! ತಿಪ್ಪಿಗೆ ಚೆಲ್ಲಂಗಿಲ್ಲ, ಮನ್ಯಾಗ ಇಡಂಗಿಲ್ಲ, ನನ್ನ ಫಜೀತಿ ಯಾರಿಗೆ ಹೇಳ್ಲಿ?

ನಿಮ್ಮಜ್ಜ ಸುಲ್ತಾನಸಾಬನ ಮ್ಯಾಲ ಹರಿಹಾಯ್ದ. "ಏನ್ ಕೆತ್ತಿಯೋ ಸಾಬಾ? ನಮ್ಮಪ್ಪಗ ಸಿಡುಬು ಎಬ್ಬಿಸಿಟ್ಟೀದಿ!"

"ನನ್ನ ಉಳಿಗೆ ಯಾಕ ಬೈತೀಯೋ ಅಮೋಘಸಿದ್ದ? ಕಲ್ಲು ತಂದಾಂವ ನೀನು!"

ಎಣ್ಣಿ ಹಚ್ಚಿದ. ಎಣ್ಣಿ ಸಮೇತ ಸಿಪ್ಪಿ ಎದ್ದು ಬಂತು. ಅದರ ಮ್ಯಾಲ ಕುರಿ ಬಂದು ಬಂದು ಮೂರ್ತಿ ನೆಕ್ಕಾಕ ಹತ್ತಿದ್ವು. "ನೋಡ್ರಿ, ಕುರಿ ಸೈತ ಅಪ್ಪನ ಗುರುತು ಹಿಡದಾವ!" ಅಂತ ಕಣ್ಣಾಗ ನೀರು ತಂದ.

ನನ್ನ ನೆಗೆಣ್ಣಿ ಶೇಖಮ್ಮ ಬಿಡ್ತಾಳೇನು? "ಹೌದ್ರಿ ಭಾವಾ, ಗುರುತು ಹಿಡದು ಒಂದು ಕಿವೀನೂ ತಿಂದಾವು."

ನಾ ಆ ಪುಡಿ ನಾಲಿಗಿಗೆ ಹಚ್ಚಿ ನೋಡಿದೆ. ಉಪ್ಪು! "ಮಾವ ಹರವಿದ್ದೆಲ್ಲಾ ಕಲ್ಲಿನ ಹೊಟ್ಯಾಗ ಕುಂತೈತ್ರಿ. ಮಳ್ಯಾಗ ಕರಗತೈತಿ, ಒಣಗಿದ್ರ ಉಬ್ಬಿ ಸಿಪ್ಪಿ ಎಬ್ಬಸತೈತಿ. ಉಪ್ಪಿನ ಗಡಗಿ ಹಿಂಗ ಉದರೂದಿಲ್ಲೇನು? ಬ್ಯಾರೆ ಕಲ್ಲು ತರಸ್ರಿ" ಅಂದೆ.

"ಬ್ಯಾರೆ ಕಲ್ಲು ನಮ್ಮಪ್ಪ ಮುಟ್ಟಿದ್ದೇನು?"

ಇಂಥವಗ ಏನ್ ಹೇಳ್ತಿ?

ಮರುವರ್ಷ ಹಿರೇರ ಹಬ್ಬದ ಮುಂಜಾನಿ ನೋಡಿದ್ರ ಮುಖ ಪೂರಾ ಸಪಾಟ. ನಾ ಎಡಿ ಹಿಡಕೊಂಡು ನಿಂತೀನಿ, ಇಡೂದು ಯಾರ ಮುಂದ? ನಿಮ್ಮಜ್ಜ ಕಲ್ಲಿನ ಮ್ಯಾಲ ಒಮ್ಮಿ ಕೈ ಆಡಿಸಿದ. ಆಮ್ಯಾಲ ತಮ್ಮನ್ನ ಕರದು, ಇಬ್ಬರೂ ಕೂಡಿ ಪರಸೀನ ಹಟ್ಟಿಗೆ ಒಯ್ದು ಅಂಗಾತ ಮಲಗಿಸಿದ್ರು. ಉಪ್ಪು ಹರವಿ ಕುರಿ ಬಿಟ್ಟ. ಅವು ನೆಕ್ಕಿ ಸರದ ಮ್ಯಾಲ ನನ್ನ ಕಡಿ ನೋಡಿ, "ಇಲ್ಲೇ ಇಡು. ಅಪ್ಪ ಕುಂದರತಿದ್ದದ್ದ ಇಲ್ಲಿ" ಅಂದ.

ಅವತ್ತಿಂದ ನಮ್ಮ ಮನ್ಯಾಗ ಹಬ್ಬದ ದಿನ ಕುರಿ ಮೊದಲು, ಮಂದಿ ಆಮ್ಯಾಲ. ಅಂವ ಹೋದ, ಈ ರೂಢಿ ನನ್ನ ತಲಿಗೆ ಕಟ್ಟಿ ಹೋದ. ಕುರಿ ಬರೂತನಕ ಹಸಕೊಂಡು ಕುಂದರಾಕೀ ನಾನು!

ಬರದದ್ದು ಸಾಕು, ಏಳು. ನಾಳೆ ಹಬ್ಬ ಐತಿ. ಸಾಬಣ್ಣನ ಅಂಗಡಿಗೆ ಹೋಗಿ ಹರಳು ಉಪ್ಪು ತಗೊಂಡು ಬಾ. ಪಾಕೀಟಿನ ಪುಡಿ ಉಪ್ಪು ತರಬ್ಯಾಡ ಮತ್ತ, ಕುರಿ ಮೂಸಿ ಸೈತ ನೋಡೂದಿಲ್ಲ.