ಮನೆ ನೋಡಿ ಮೀನು ಕೊಡುತ್ತಿದ್ದ ಭೀಮಣ್ಣ

ಭೀಮಣ್ಣ ಸಮುದ್ರವನ್ನು ಕಣ್ಣಾರೆ ಕಂಡವನಲ್ಲ. ಆದರೆ ಅದರ ರುಚಿ ಅವನಿಗೆ ಗೊತ್ತಿತ್ತು. ಉಪ್ಪುನೀರಿನ ಟ್ಯಾಂಕಿನಲ್ಲಿ ಬೆರಳದ್ದಿ, ನಾಲಿಗೆಗೆ ತಾಗಿಸಿ, ಒಂದು ಕಣ್ಣು ಮುಚ್ಚಿ, "ಉಪ್ಪು ಸ್ವಲ್ಪ ಹೆಚ್ಚಾಗ್ಯಾದ ನೋಡ್ರಿ" ಎನ್ನುತ್ತಿದ್ದ. ಆಮೇಲೆ ಸಣ್ಣ ದುರ್ಬೀನಿನಂಥ ಉಪಕರಣ ಹಿಡಿದು ಅಳೆದರೆ ಹೆಚ್ಚೇ ಇರುತ್ತಿತ್ತು.

ಕಕ್ಕೇರಾದ ಕಡೆ, ಕೃಷ್ಣೆಯಲ್ಲಿ ಬಲೆ ಬೀಸುವ ಮನೆತನದವನು. ಹರೆಯದಲ್ಲಿ ಹೈದರಾಬಾದಿಗೆ ಹೋಗಿ ಬಣ್ಣದ ಮೀನಿನ ಅಂಗಡಿಯಲ್ಲಿ ದುಡಿದು, ತಲೆ ನರೆತ ಮೇಲೆ ಶಹಾಪುರಕ್ಕೆ ಬಂದು ತನ್ನದೇ ಅಂಗಡಿ ಇಟ್ಟ. ಮುಂದೆ ಎಲ್ಲರೂ ಒಯ್ಯುವ ಚಿನ್ನದ ಮೀನು, ಪರದೆಯ ಹಿಂದೆ ಸಮುದ್ರದ ಮೀನು. ಯಾದಗಿರಿಯಿಂದ ಸುರಪುರದವರೆಗೆ ಆ ಪರದೆ ದಾಟುವ ಹುಚ್ಚರು ಏಳೆಂಟು ಜನ ಇದ್ದರೆ ಹೆಚ್ಚು. ಯಾದಗಿರಿಯ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ಅಕ್ಕೋರಾದ ನಾನೂ ಅವರಲ್ಲೊಬ್ಬಳು.

ಕಲ್ಲು, ಹವಳ ಎಲ್ಲ ಜೋಡಿಸಿ ಟ್ಯಾಂಕು ಸಿದ್ಧ ಮಾಡಿಕೊಂಡು ಮೀನು ಕೇಳಲು ಹೋದಾಗ ಅವನು ಆಗುವುದಿಲ್ಲವೆಂದು ಕೈಯಾಡಿಸಿಬಿಟ್ಟ.

"ಮನಿ ನೋಡದ ನಾ ಮೀನ ಕೊಡೂದಿಲ್ರಿ ಅಕ್ಕೋರೆ."

ಭಾನುವಾರ ಬಸ್ಸು ಹತ್ತಿ ಯಾದಗಿರಿಗೆ ಬಂದ. ಹೆಣ್ಣು ಕೊಡುವವರು ಗಂಡಿನ ಮನೆತನ ನೋಡಲು ಬಂದಂತೆ ಗಂಭೀರವಾಗಿ ಟ್ಯಾಂಕಿನ ಎದುರು ಕುಳಿತ. ಎರಡು ಕಪ್ ಚಹಾ ಆಯಿತು. ಮೂರನೆಯದು ಕುಡಿಯುವಾಗ ಬಾಯಿಬಿಟ್ಟ.

"ಈ ಕಲ್ಲಿನ್ಯಾಗ ಮೂರ ಗವಿ ಅವ. ನೀವು ನಾಕ ಮೀನ ಕೇಳಾಕತ್ತೀರಿ. ನಾಕನೇದವ ಎಲ್ಲಿ ಮಲಗಬೇಕ್ರಿ?"

ಹಳದಿ ಚಿಟ್ಟೆಮೀನಿನ ಮೇಲೆ ನನಗೆ ಬಹಳ ಆಸೆಯಿತ್ತು. ಕೇಳಿದೆ. "ಅವ ಹವಳ ತಿಂತಾನ್ರಿ. ಮನಿ ಗ್ವಾಡಿ ತಿನ್ನೋ ಅಳಿಯನ್ನ ತರ್ತೀರೇನು?" ಎಂದು ನನ್ನ ಬಾಯಿ ಮುಚ್ಚಿಸಿದ.

ಕೊನೆಗೆ ಇನ್ನಷ್ಟು ಕಲ್ಲು ಇಡಿಸಿ, ನಾಲ್ಕು ಮೀನು ಗೊತ್ತು ಮಾಡಿದ: ಒಂದು ಬಡಪಾಯಿ ಫೈರ್‌ಫಿಶ್, ಕೇಸರಿ ಮೈಗೆ ಬಿಳಿ ಪಟ್ಟಿಯ ಎರಡು ಕ್ಲೌನ್, ಒಂದು ನೀಲಿ ಡ್ಯಾಮ್ಸೆಲ್. ಮೆತ್ತಗಿನವರು ಮೊದಲು, ಜಗಳಗಂಟ ಕಡೆಗೆ. ನಡುನಡುವೆ ಹದಿನೈದು ದಿನ ಬಿಡಬೇಕು. ಹೊಸಬರು ತೂತಿನ ಪ್ಲಾಸ್ಟಿಕ್ ಡಬ್ಬಿಯಲ್ಲಿ, ಟ್ಯಾಂಕಿನ ಒಳಗೇ, ಮೂರು ದಿನ ಇರಬೇಕು. ಆ ಡಬ್ಬಿಗೆ ಅವನು ಪಡಸಾಲಿ ಎನ್ನುತ್ತಿದ್ದ. "ಬಂದ ಕೂಡಲೇ ಅಡಗಿಮನಿಗಿ ಹೋಗಬಾರದ್ರಿ. ಮೊದಲ ಪಡಸಾಲ್ಯಾಗ ಕುಂದರಲಿ, ಒಬ್ಬರ ಮಾರಿ ಒಬ್ಬರು ನೋಡಲಿ."

ಇದೆಲ್ಲ ನನಗೆ ಅರ್ಥವಾಗಿತ್ತು. ಆದರೆ ನಮ್ಮತ್ತೆ ಪಂಚಾಂಗ ತೆಗೆದರು. "ಮಣ್ಣೆತ್ತಿನ ಅಮಾಸಿ ಆದ ಮ್ಯಾಲ ಆಷಾಢ. ಹೊಸಬರು ಮನಿ ಹೊಗಬಾರದು. ತರೂದಿದ್ರ ಎಲ್ಲಾ ಈಗ ತಂದುಬಿಡು." ವಿಜ್ಞಾನದ ಅಕ್ಕೋರಿಗೆ ಅತ್ತೆಯ ಎದುರು ನಾಲಿಗೆ ಏಳಲಿಲ್ಲ. ಶಹಾಪುರಕ್ಕೆ ಹೋಗಿ, ಮನೆಯಲ್ಲಿ ಇನ್ನೊಂದು ಟ್ಯಾಂಕು ಇಟ್ಟಿದ್ದೇನೆ, ಅದರಲ್ಲಿ ಬೇರೆ ಬೇರೆ ಇಡುತ್ತೇನೆ ಎಂದು ಭೀಮಣ್ಣನಿಗೆ ಸುಳ್ಳು ಹೇಳಿ ನಾಲ್ಕನ್ನೂ ತಂದೆ. ಒಳ್ಳೆಯ ಗಳಿಗೆ ನೋಡಿ ಒಟ್ಟಿಗೆ ಬಿಟ್ಟೆವು. ಅತ್ತೆ ಕರ್ಪೂರವನ್ನೂ ಬೆಳಗಿದರು.

ಬೆಳಗಾಗುವುದರೊಳಗೆ ಡ್ಯಾಮ್ಸೆಲ್ ಇಡೀ ಟ್ಯಾಂಕಿನ ಮಾಲೀಕನಾಗಿತ್ತು. ಕ್ಲೌನ್‌ಗಳು ಮೂಲೆ ಹಿಡಿದಿದ್ದವು. ಫೈರ್‌ಫಿಶ್ ಬಾಲ ಹರಿದು, ಪೈಪಿನ ಹಿಂದೆ ಸೇರಿತ್ತು. ಫೋನು ಮಾಡಿದೆ. ಭೀಮಣ್ಣ ಮೊದಲ ಬಸ್ಸಿಗೇ ಬಂದ. ಬಯ್ಯಲಿಲ್ಲ. ಡ್ಯಾಮ್ಸೆಲ್ಲನ್ನು ಹಿಡಿದು ಡಬ್ಬಿಗೆ ಹಾಕಿ, ಕಲ್ಲುಗಳನ್ನೆಲ್ಲ ಒಂದೊಂದಾಗಿ ಎತ್ತಿ, ಬೇರೆಯದೇ ರೀತಿಯಲ್ಲಿ ಜೋಡಿಸಿದ. "ಈಗ ಎಲ್ಲಾರೂ ಹೊಸಬರು. ಯಾರೂ ಮಾಲಕರಲ್ಲ" ಎಂದ.

ಮೂರು ಬದುಕಿದವು. ಫೈರ್‌ಫಿಶ್ ಮರುದಿನ ಸತ್ತಿತು. ಅತ್ತುಕೊಂಡೇ ಅವನಿಗೆ ಫೋನಿನಲ್ಲಿ ಸುದ್ದಿ ಹೇಳಿದೆ; ಪಂಚಾಂಗದ ಮಾತನ್ನೂ ನನ್ನ ಸುಳ್ಳನ್ನೂ ಒಪ್ಪಿಕೊಂಡೆ.

"ಮೀನಿಗಿ ಅಮಾಸಿನೂ ಇಲ್ಲ, ಆಷಾಢನೂ ಇಲ್ರಿ ಅಕ್ಕೋರೆ. ಆ ಸುಳ್ಳೊಂದ ಹೇಳದಿದ್ರ ಆ ಬಡವ ಇರ್ತಿದ್ದ."

ಅಷ್ಟೇ ಹೇಳಿದ. ಆ ಮಾತು ನನ್ನನ್ನು ಬಹಳ ದಿನ ಚುಚ್ಚಿತು.

ಅವನ ಅಂಗಡಿಯಲ್ಲಿ ಮಾರಾಟಕ್ಕಿಲ್ಲದ ಮೀನು ಒಂದೇ. ಕಡುಗೆಂಪು ಮೈಯ, ಮೂರು ಬಿಳಿ ಪಟ್ಟಿಯ ಮರೂನ್ ಕ್ಲೌನ್. ಅವನ ಕುರ್ಚಿಯ ಪಕ್ಕದ ಸಣ್ಣ ಟ್ಯಾಂಕಿನಲ್ಲಿ ಒಂಟಿಯಾಗಿ ಮೆರೆಯುತ್ತಿದ್ದ ಅವಳ ಹೆಸರು ಗೌಡ್ತಿ. ಮೂರು ಸಲ ಜೋಡಿ ತಂದು ನೋಡಿದ್ದ. ಮೂರನ್ನೂ ಅಟ್ಟಿಸಿಕೊಂಡು ಕಚ್ಚಿದ್ದಳು. "ಆಕಿಗಿ ಸರಿಯಾದವ ಸಿಗಲಿಲ್ರಿ. ಅದ್ರಾಗ ಆಕೀದೇನ ತಪ್ಪು?" ಎನ್ನುತ್ತಿದ್ದ, ತಾನೂ ಮದುವೆಯಾಗದೆ ಉಳಿದಿದ್ದ ಭೀಮಣ್ಣ. ಗಾಜು ಒರೆಸಲು ಕೈ ಹಾಕಿದರೆ ಬಂದು ಬೆರಳು ಕಚ್ಚುವಳು. "ಬಂದೆನವ್ವಾ, ಬಂದೆ" ಎಂದು ನಗುವನು.

ಎರಡು ವರ್ಷದ ಹಿಂದೆ ಅವನ ಕಣ್ಣು ಮಂಜಾದವು. ಹರಿದ ರೆಕ್ಕೆ ಕಾಣದವನು ಮೀನು ಮಾರಬಾರದು ಎಂದು ತಾನೇ ತೀರ್ಮಾನಿಸಿ, ಅಂಗಡಿ ಮುಚ್ಚಿ, ಕಕ್ಕೇರಾದ ಅಕ್ಕನ ಮನೆಗೆ ಹೊರಟ. ಉಳಿದ ಮೀನುಗಳಿಗೆಲ್ಲ ಮನೆ ಸಿಕ್ಕಿತು. ಗೌಡ್ತಿಗೆ ಮಾತ್ರ ಯಾರ ಮನೆಯೂ ಅವನ ಮನಸ್ಸಿಗೆ ಬರಲಿಲ್ಲ. ಒಂದು ಮಧ್ಯಾಹ್ನ ಗೌಡ್ತಿಯನ್ನೂ ಅವಳ ಟ್ಯಾಂಕನ್ನೂ ಆಟೋದಲ್ಲಿ ಹೇರಿಕೊಂಡು ಬಂದು ನಮ್ಮ ಬಾಗಿಲಲ್ಲಿ ನಿಂತಿದ್ದ.

"ನನಗ್ಯಾಕ ಕೊಡ್ತೀರಿ ಭೀಮಣ್ಣ? ನಾ ಸುಳ್ಳ ಹೇಳಿದಾಕಿ" ಎಂದೆ.

"ಅದಕ್ಕೇ ಬಂದೀನ್ರಿ. ಒಂದ ಮೀನಿಗಿ ಅತ್ತವರು ಇನ್ನೊಮ್ಮಿ ಸುಳ್ಳ ಹೇಳೂದಿಲ್ಲ."

ಅವಳನ್ನು ಬೇರೆ ಟ್ಯಾಂಕಿನಲ್ಲೇ ಇಡಬೇಕು, ಜೋಡಿ ಮಾಡುವ ಹಟಕ್ಕೆ ಬೀಳಬಾರದು ಎಂದು ಮಾತು ತೆಗೆದುಕೊಂಡ. ಮನೆಯೆಲ್ಲ ತಡವರಿಸುತ್ತ ತಿರುಗಿ, ಮಂದಿ ಓಡಾಡುವ ನಮ್ಮ ಪಡಸಾಲೆಯಲ್ಲೇ ಜಾಗ ತೋರಿಸಿದ. ಬಿಟ್ಟು ಹೋಗುವಾಗ ಗಾಜಿಗೆ ಮುಖ ಹಚ್ಚಿ ನೋಡಿದ. ಎಷ್ಟು ಕಂಡಿತೋ ಗೊತ್ತಿಲ್ಲ.

ಗೌಡ್ತಿ ಐದು ದಿನ ಬಾಯಿ ತೆರೆಯಲಿಲ್ಲ. ಭೀಮಣ್ಣ ಕಕ್ಕೇರಾದಿಂದ ಬೆಳಿಗ್ಗೆ ಸಂಜೆ ಫೋನು ಮಾಡಿ ಒಂದೇ ಮಾತು ಕೇಳುತ್ತಿದ್ದ: "ತಿಂದಳೇನ್ರಿ?" ಇಲ್ಲ ಎನ್ನಲು ನನಗೆ ಸಂಕಟವಾಗುತ್ತಿತ್ತು, ಆದರೂ ಇಲ್ಲವೆಂದೇ ಹೇಳಿದೆ. ಆರನೆಯ ದಿನ ಅವಳು ಸೀಗಡಿಯ ಚೂರನ್ನು ನನ್ನ ಕೈಯಿಂದಲೇ ಕಿತ್ತುಕೊಂಡು ತಿಂದಳು. ಓಡಿಹೋಗಿ ನಾನೇ ಫೋನು ಮಾಡಿದೆ.

"ತಿಂದಾಳ್ರಿ" ಎಂದೆ.

"ಖರೇ ತಿಂದಳ್ರಿ?"

"ಖರೇ ತಿಂದಾಳ."

"ಹಂಗಾದ್ರ ಇನ್ನ ನಾ ಫೋನ್ ಮಾಡೂದಿಲ್ರಿ. ಮಗಳು ಮನಿ ಹಿಡದ ಮ್ಯಾಲ ತವರಿನವರು ದಿನಾ ದಿನಾ ಕೇಳಬಾರದು."

ಹೇಳಿದಂತೆಯೇ ಮತ್ತೆ ಮಾಡಲಿಲ್ಲ. ರಜೆಯಲ್ಲಿ ಕಕ್ಕೇರಾಕ್ಕೆ ಹೋಗಿ ಬರಬೇಕೆಂದುಕೊಂಡು ನಾನೂ ಹೋಗಲಿಲ್ಲ. ಕಳೆದ ದಸರೆ ಮುಗಿದ ಮೇಲೆ ಅವನ ನಂಬರಿನಿಂದ ಫೋನು ಬಂತು. ಮಾತಾಡಿದವಳು ಅವನ ಅಕ್ಕ: "ತಮ್ಮ ಹೋದನವ್ವಾ."

ಸಂಜೆ ಗಾಜು ಒರೆಸಲು ಟ್ಯಾಂಕಿನಲ್ಲಿ ಕೈ ಹಾಕಿದೆ. ಗೌಡ್ತಿ ಎಂದಿನಂತೆ ಬಂದು ಬೆರಳು ಕಚ್ಚಿದಳು.

"ಬಂದೆನವ್ವಾ, ಬಂದೆ" ಎಂದೆ.